ಬಿ ಗುಂಡಿಯ ಮೂಲೆಯಲ್ಲಿ

ಹಳೆಯ ಕಂಪ್ಯೂಟರ್ ಸತ್ತದ್ದು ಜುಲೈಯಲ್ಲಿ,
ರೂಮಿನ ಏಸಿ ಕೆಟ್ಟ ಮೂರನೆಯ ರಾತ್ರಿ.
ಶಾರ್ಜಾದ ರೋಲಾದಲ್ಲಿ ರಿಪೇರಿಯವನು ಮುಚ್ಚಳ ಬಿಚ್ಚಿ
ಉಫ್ ಎಂದು ಊದಿ ತೋರಿಸಿದ:
"ನೋಡಿ ಭಾಯ್, ನಿಮಗಿಂತ ಹೆಚ್ಚು ಮರಳು ತಿಂದಿದೆ."

ಊರಿಗೆ ಹೊರಟಿದ್ದ ಲೆಬನಾನಿನ ಅಕೌಂಟೆಂಟ್ ಒಬ್ಬ
ಸಾವಿರದಿನ್ನೂರು ದಿರ್ಹಮಿಗೆ ಬಿಟ್ಟುಕೊಟ್ಟ ಈ ಲ್ಯಾಪ್‌ಟಾಪು
ಬೇರೆ ಕುಲದ್ದು.
ಮುಚ್ಚುವ ಗುರುತು ಎಡಕ್ಕೆ.
ಕಂಟ್ರೋಲ್ ಇದೆ, ಅದರ ಮಾತು ಯಾರೂ ಕೇಳುವುದಿಲ್ಲ,
ನಿವೃತ್ತ ಹೆಡ್‌ಮಾಸ್ತರರ ಹಾಗೆ.
ಕಿರುಬೆರಳು ಮಾತ್ರ ಈಗಲೂ
ಅಲ್ಲಿಗೇ ಹೋಗಿ ನಮಸ್ಕಾರ ಹಾಕಿ ಬರುತ್ತದೆ.

ಕತ್ತರಿಸಲು ಯಾವುದನ್ನು ಹಾಕುವುದು?
ಒಂದು, ತಿಂಗಳ ಬಾಡಿಗೆಯದು.
ಮಲಗುವ ಮಂಚಕ್ಕೂ ಬಾಡಿಗೆ, ಕತ್ತರಿಗೂ ಬಾಡಿಗೆಯೆ?
ಒಂದೇ ಸಲ ಕೊಳ್ಳುವುದಿದೆ. ಅಷ್ಟು ದುಡ್ಡಿಗೆ
ಮಂಗಳೂರಿನ ಟಿಕೆಟು ಬರುತ್ತದೆ, ಮೂವತ್ತು ಕಿಲೋ ಸಮೇತ.
ಕೊನೆಗೆ ಬಿಟ್ಟಿಯದು. ಎರಡು ರಾತ್ರಿ ಇಳಿಯಿತು,
ಆರು ಜನರ ವೈಫೈ ನುಂಗಿ, ಆರು ಜನರ ಬೈಗುಳ ತಿಂದು.
ತೆರೆದರೆ ವಿಮಾನದ ಮೂತಿಯೊಳಗೆ ಕೂತಂತೆ.
ಇಷ್ಟು ಗುಂಡಿ ಯಾಕೆ, ನಾನು ಹಾರಿಸುವುದು
ಬರ್ತ್‌ಡೇ, ಮದರಂಗಿ, ಶುಕ್ರವಾರದ ಥ್ರೋಬಾಲ್.

ಕೆಳಗಿನ ಮಂಚದ ರೊಡೆಲಿಯೊ ಸೆಬು ದ್ವೀಪದವನು,
ಸಲೂನಿನಲ್ಲಿ ಕೂದಲು ಕತ್ತರಿಸುತ್ತಾನೆ.
ಅವನೇ ಗುರು. "ಸಿ ಅಲ್ಲ, ಕುಯಾ,
ಇದರಲ್ಲಿ ಬಿ ಒತ್ತಿದರೆ ಬ್ಲೇಡು."
ಹನ್ನೊಂದು ವರ್ಷ ಸಿ ಒತ್ತಿದ ಬೆರಳಿಗೆ
ಪಕ್ಕದ ಪಕ್ಕದ ಮನೆ ಸಿಗಲು ಒಂದು ವಾರ.

ಆಮೇಲೆ ಕಂಡಿತು:
ಬಿ ಗುಂಡಿಯ ಮೂಲೆಯಲ್ಲಿ
ಎರಡು ಅರಬಿ ಅಕ್ಷರ ಒಂದಕ್ಕೊಂದು ತೆಕ್ಕೆಬಿದ್ದು
ಲಾ.
ನನಗೆ ಪೂರ್ತಿ ತಿಳಿದ ಅರಬಿ ಅದೊಂದೇ.
ರಜೆ ಕೇಳಿದಾಗ ಕೇಳಿಸಿದ್ದು, ಪಾಸ್‌ಪೋರ್ಟ್ ಕೇಳಿದಾಗ,
ನಮ್ಮ 'ಇಲ್ಲಾ' ಎಂಬುದರ ಬಾಲವನ್ನೇ
ಯಾರೋ ಕತ್ತರಿಸಿ ಇಟ್ಟುಕೊಂಡ ಹಾಗೆ.

ಮೊದಲ ಕೆಲಸ ಅಜ್ಮಾನಿನ ಲಾಂಡ್ರಿಯ ಕರುಣಾಕರ ಪುತ್ರನ್ ಅವರದು.
ಮಗಳ ಏಳನೆಯ ಹುಟ್ಟುಹಬ್ಬ, ಹೋದ ವರ್ಷದ್ದು.
"ವಾಮನ ಎಲ್ಲೂ ಕಾಣಬಾರದು" ಅಂದರು.
ವಾಮನ ಹೆಂಡತಿಯ ತಮ್ಮ. ಅಂಗಡಿಯ ಅರ್ಧ ಪಾಲಿನವ.
ಈಗ ಎದುರು ಬೀದಿಯಲ್ಲಿ ಬೇರೆ ಬೋರ್ಡು.

ನಲವತ್ತೊಂದು ಕಡೆ ಇದ್ದ ಆ ಮನುಷ್ಯ.
ಬಲೂನು ಕಟ್ಟುವವ, ಕುರ್ಚಿ ಎಳೆಯುವವ,
ಮಕ್ಕಳ ನಡುವೆ ನಾಲ್ಕು ಕಾಲಲ್ಲಿ ಒಂಟೆ.
ಲಾ. ಲಾ. ಲಾ.
ಅವನನ್ನು ತೆಗೆದಲ್ಲೆಲ್ಲ
ಜನ ಸುಮ್ಮನೆ ನಗುತ್ತಾ ಉಳಿದರು, ಗೋಡೆ ನೋಡಿಕೊಂಡು.
ತೂತಿಗೆಲ್ಲ ಬಲೂನಿನ ಚಿತ್ರ ಹಚ್ಚಿದೆ.

ಲಾಂಡ್ರಿಯ ಕೌಂಟರಿನ ಮೇಲೆ ತೋರಿಸಿದೆ,
ಹಿಂದೆ ಸರೋಜಿನಿಯಕ್ಕ ಕಂದೂರಾಗಳಿಗೆ ಇಸ್ತ್ರಿ ಹಾಕುತ್ತಿದ್ದರು.
ಕೇಕು ಬಂತು. ಪರದೆಯ ತುಂಬ ಬಲೂನು.
ಒಳಗಿಂದ ಒಂದು ದನಿ:
"ಊದು ಮಗಾ, ಗಟ್ಟಿ ಊದು,
ಮಾವನ ಮೀಸೆ ಹಾರಿಹೋಗಬೇಕು!"

ಕೆಳಗಿನ ಹಸಿರು ಪಟ್ಟಿಗೆ ಬೀಗ ಬಿದ್ದಿತ್ತಂತೆ.
ಬ್ಲೇಡು ಚಿತ್ರವನ್ನಷ್ಟೇ ಕೊಯ್ದಿದೆ,
ಹೊಸಬ, ನನಗದು ಗೊತ್ತಾಗಿಲ್ಲ.
"ಇವತ್ತೇ ತೆಗೆದುಕೊಡ್ತೇನೆ" ಅಂದೆ, ಕಿವಿ ಬಿಸಿಯಾಗಿ.

ಇಸ್ತ್ರಿಯ ಹಬೆ ನಿಂತಿತ್ತು.
"ಅದು ಇರಲಿ" ಅಂದರು ಸರೋಜಿನಿಯಕ್ಕ,
ತಲೆ ಎತ್ತದೆ, ಬಿಳಿ ತೋಳೊಂದನ್ನು ನೇರ ಮಾಡುತ್ತ.

ಕರುಣಾಕರಣ್ಣ ಕ್ಯಾಶ್ ಡ್ರಾಯರು ಎಳೆದರು.
ನೋಟು ಎಣಿಸಿದರೆ ಐವತ್ತು ಹೆಚ್ಚಿತ್ತು.
ವಾಪಸು ಚಾಚಿದೆ.
ಅವರು ಎದುರು ಬೀದಿ ನೋಡುತ್ತಿದ್ದರು.
"ಇರಲಿ" ಅಂದರು.